ಅವರಿಗೆ ಅವರ ಮಾತು, ನಮಗೆ?

9 ಜುಲೈ 2024, ಮಂಗಳವಾರ, ರಾತ್ರಿ

ಸಂಜೆಯಿಂದ ಮಳೆ. ಸಮಾಜ ವಿಜ್ಞಾನದ ಪುಸ್ತಕ ಹಿಡಿದು ಕೂತಿದ್ದ ಮಗ ತಲೆ ಎತ್ತಿ ಕೇಳಿದ: "ಅಪ್ಪಾ, ಅಲೆಕ್ಸಾಂಡರ್ ಹೊಳ್ಳಿ ಹೋದ ಮ್ಯಾಲ ಅವನ ಮಂದಿ ಎಲ್ಲಾರೂ ಊರಿಗೆ ಹೋದ್ರೇನು?"

"ಇಲ್ಲೋ, ಭಾಳ ಮಂದಿ ಅಲ್ಲೇ ಉಳದ್ರು."

ಗೆದ್ದ ಕಡೆಯೆಲ್ಲ ತನ್ನ ಹೆಸರಿನ ಊರು ಕಟ್ಟಿಸಿ, ದಣಿದವರನ್ನೂ ಗಾಯಗೊಂಡವರನ್ನೂ ಅಲ್ಲಿಟ್ಟು ಮುಂದೆ ಹೋಗುತ್ತಿದ್ದ. ಕಂದಹಾರವೂ ಅಂಥದೊಂದು ಅಲೆಕ್ಸಾಂಡ್ರಿಯಾ. ಅವನು ಸತ್ತು ಇಪ್ಪತ್ತು ವರ್ಷವಾಗುವಷ್ಟರಲ್ಲಿ ಅವನ ಸೇನಾನಿಯಾಗಿದ್ದ ಸೆಲ್ಯೂಕಸ್ ಆ ಸೀಮೆಯನ್ನು ಚಂದ್ರಗುಪ್ತ ಮೌರ್ಯನಿಗೆ ಬಿಟ್ಟುಕೊಟ್ಟ, ಬದಲಿಗೆ 500 ಆನೆ ತಗೊಂಡ. ಮಗನಿಗೆ ಆನೆಗಳದೇ ಚಿಂತೆ: ದಾರಿಯಲ್ಲಿ ಏನು ತಿಂದವು, ಹೊಳೆ ಹೆಂಗ ದಾಟಿದವು. ನನಗೆ ಆ ಗ್ರೀಕರ ಚಿಂತೆ. ಗೆದ್ದು ಬಂದವರ ಮಕ್ಕಳು ಒಂದು ಕರಾರಿನಲ್ಲಿ ಇನ್ನೊಬ್ಬರ ಪ್ರಜೆಗಳಾದರು.

ಅವರಿಗಾಗಿ ಚಂದ್ರಗುಪ್ತನ ಮೊಮ್ಮಗ ಅಶೋಕ ಕಂದಹಾರದ ಬಂಡೆಯ ಮೇಲೆ ಗ್ರೀಕ್‌ನಲ್ಲೇ ಬರೆಸಿದ. 1958ರಲ್ಲಿ ಸಿಕ್ಕ ಆ ಶಾಸನದಲ್ಲಿ ಮೇಲೆ ಗ್ರೀಕ್, ಕೆಳಗೆ ಅರಮಾಯಿಕ್. ಅರಮಾಯಿಕ್ ಪರ್ಷಿಯಾದ ಚಕ್ರವರ್ತಿಗಳ ಕಚೇರಿ ಭಾಷೆ. ಅಲೆಕ್ಸಾಂಡರ್ ಪರ್ಷಿಯಾವನ್ನು ಮುರಿದ, ಅದರ ಕಚೇರಿ ಭಾಷೆ ಮುರಿಯಲಿಲ್ಲ. 'ಧರ್ಮ' ಅನ್ನುವುದಕ್ಕೆ ಗ್ರೀಕ್‌ನಲ್ಲಿ 'ಯೂಸೆಬೇಯಾ' ಎಂದಿದೆ. ದೇವರು, ಹೆತ್ತವರ ವಿಷಯದಲ್ಲಿ ಇರಬೇಕಾದ ಭಯಭಕ್ತಿಗೆ ಅವರು ಬಳಸುತ್ತಿದ್ದ ಪದ. 1963ರಲ್ಲಿ ಅಲ್ಲೇ ಇನ್ನೊಂದು ಕಲ್ಲು ಸಿಕ್ಕಿತು. ಅದರಲ್ಲಿ ಅಶೋಕನ ಹದಿನಾಲ್ಕು ಬಂಡೆ ಶಾಸನಗಳ ಪೈಕಿ ಹನ್ನೆರಡನೆಯದರ ಕೊನೆಯ ಭಾಗ, ಹದಿಮೂರನೆಯದರ ಮೊದಲ ಭಾಗ ಗ್ರೀಕ್‌ನಲ್ಲಿವೆ. ಮೂಲದಲ್ಲಿ ಬರುವ, ನಾವು ಬೈಗುಳ ಮಾಡಿಕೊಂಡಿರುವ 'ಪಾಷಂಡ'ಕ್ಕೆ ಆಗ ಪಂಥ ಅಂತಷ್ಟೇ ಅರ್ಥ. ಅನುವಾದಕ ಅದನ್ನು 'ಡಯಾಟ್ರಿಬೆ' ಮಾಡಿದ, ತತ್ವಜ್ಞಾನಿಯ ಸುತ್ತ ಕೂಡುವ ಶಿಷ್ಯರ ಗುಂಪಿಗಿದ್ದ ಪದ. ಎಂಥಾ ಕಿವಿ ಆ ಮನುಷ್ಯನದು! ಶ್ರಮಣರನ್ನೂ ಬ್ರಾಹ್ಮಣರನ್ನೂ ಗ್ರೀಕ್ ಗುರುಗಳ ಸಾಲಿನಲ್ಲೇ ಕೂಡಿಸಿಬಿಟ್ಟ.

ಅದೇ ಕಲ್ಲಿನಲ್ಲಿ ಒಂದು ಮಾತಿದೆ: ನಾಲಿಗೆ ಯಾರ ಹಿಡಿತದಲ್ಲಿದೆಯೋ ಅವನೇ ದೊಡ್ಡ ಸಂಯಮಿ.

ಬೆಳಿಗ್ಗೆ ಫೋನಿನಲ್ಲಿ ಅವ್ವನ ಮೇಲೆ ರೇಗಿದೆ. ಗುಳಿಗೆ ತಗೊಂಡಿಲ್ಲ ಅಂದಳು, ಅಷ್ಟಕ್ಕೇ. "ಆಯ್ತು ಬಿಡಪ್ಪ" ಅಂತ ಇಟ್ಟುಬಿಟ್ಟಳು. ಇನ್ನೂ ತಿರುಗಿ ಫೋನ್ ಮಾಡಿಲ್ಲ ನಾನು. ಈಗ ಮಲಗಿರುತ್ತಾಳೆ.

ಈ ಹನ್ನೆರಡನೆಯ ಶಾಸನ ಕಲಬುರಗಿ ಜಿಲ್ಲೆಯ ನಮ್ಮ ಸನ್ನತಿಯಲ್ಲೂ ಇದೆ. ಚಂದ್ರಲಾಂಬೆ ನಮ್ಮ ಮನೆದೇವರು. ಅವಳ ಗುಡಿಯ ಆವರಣದ ಕಾಳಿ ಗುಡಿಯಲ್ಲಿ ಆ ಕಲ್ಲು ಮೂರ್ತಿಗೆ ಪೀಠವಾಗಿತ್ತು. ನಡುವೆ ಅಕ್ಷರಗಳ ಮೇಲೇ ಚೌಕಾಕಾರದ ತೂತು. 1980ರ ದಶಕದಲ್ಲಿ ಚಾವಣಿ ಕುಸಿದಾಗ ಹೊರಬಿತ್ತು. ಅದಕ್ಕೂ ಮೊದಲು ಅವ್ವ ಎಷ್ಟು ಸಲ ಅಲ್ಲಿ ಕೈಮುಗಿದಿದ್ದಾಳೋ, ಅಡಿಯಲ್ಲಿ ಅಶೋಕನ ಮಾತಿದೆ ಅನ್ನುವುದು ಗೊತ್ತಿಲ್ಲದೆ.

ಆದರೆ ಭೀಮೆಯ ದಂಡೆಯ ಆ ಮಾತು ಪ್ರಾಕೃತದಲ್ಲಿದೆ. ಕಂದಹಾರದವರಿಗೆ ಅವರದೇ ಮಾತು, ನಮಗೆ ರಾಜನ ಮಾತು. ನಮ್ಮಲ್ಲಿ ಆಗ ಬರಹ ಇರಲಿಲ್ಲ, ಹಲ್ಮಿಡಿಗೆ ಇನ್ನೂ ಏಳುನೂರು ವರ್ಷ ಇತ್ತು, ಎಲ್ಲ ಒಪ್ಪಿದೆ. ಗ್ರೀಕರ ಬೆನ್ನಿಗೆ ಸಮುದ್ರದವರೆಗೂ ಅವರದೇ ಭಾಷೆಯ ರಾಜ್ಯಗಳಿದ್ದವು, ಅದಕ್ಕೆ ಅಶೋಕ ಅವರ ಭಾಷೆಗೆ ಬೆಲೆ ಕೊಟ್ಟ ಅನ್ನಿಸುತ್ತದೆ. ಕಾರಣ ಗೊತ್ತಿದ್ದರೂ ಹೊಟ್ಟೆಯಲ್ಲಿ ಸಂಕಟ.

ಮೊಳಕಾಲ್ಮೂರಿನ ಬ್ರಹ್ಮಗಿರಿಯಲ್ಲಿರುವ ಅಶೋಕನ ಶಾಸನ ಬರೆದವನು ಚಪಡ. ಎಲ್ಲ ಬ್ರಾಹ್ಮಿಯಲ್ಲಿ ಬರೆದು, ಕೊನೆಗೆ 'ಲಿಪಿಕರೇಣ' ಅನ್ನುವ ಒಂದೇ ಪದವನ್ನು ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಗಾಂಧಾರದ ಕಡೆಯವನೇ ಇರಬೇಕು, ಆ ಲಿಪಿ ಅಲ್ಲಿಯದು. ಗ್ರೀಕ್ ಮಾತು ಅವನ ಕಿವಿಗೆ ಬಿದ್ದಿರಬಹುದು. ಅಷ್ಟು ದೂರದಿಂದ ಬಂದು, ಆ ಬಿಸಿಲಲ್ಲಿ ಬಂಡೆಯ ಮುಂದೆ ನಿಂತವನಿಗೆ ಬಾಯಾರಿದಾಗ ನೀರನ್ನು ಏನಂತ ಕೇಳಿದನೋ, ಕೊಟ್ಟವರು ಏನಂದರೋ, ಆ ಮಾತು ಅವ್ವನ ಮಾತಿಗೆ ಎಷ್ಟು ಹತ್ತಿರವಿತ್ತೋ…