ಒಂದು ಬಾತುಕೋಳಿಯನ್ನು ನೋಡಲು ಅಷ್ಟು ದೂರ ಏಕೆ ಹೋದಿರಿ?

2021ರ ಫೆಬ್ರವರಿಯಲ್ಲಿ ನಾನು ಬೆಂಗಳೂರಿನಿಂದ ಅಸ್ಸಾಮಿನ ತಿನ್ಸುಕಿಯಾಕ್ಕೆ ಹೋಗಿ ಒಂದೇ ಒಂದು ಬಾತುಕೋಳಿಯನ್ನು ನೋಡಿ ಬಂದೆನೆಂದು ತಿಳಿದವರೆಲ್ಲ ಇಂದಿಗೂ ಕೇಳುವ ಪ್ರಶ್ನೆ ಒಂದೇ. ಜಪಾನಿನಲ್ಲಿ ಸುಲಭವಾಗಿ ಕಾಣುವ, ಎಷ್ಟೋ ಮೃಗಾಲಯಗಳಲ್ಲಿ ಸಾಕಿರುವ ಹಕ್ಕಿಗಾಗಿ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಹೋಗಬೇಕಿತ್ತೇ?

ಅದು ಮ್ಯಾಂಡರಿನ್ ಬಾತು. ಪೂರ್ವ ರಷ್ಯಾ, ಈಶಾನ್ಯ ಚೀನಾ, ಕೊರಿಯಾ ಮತ್ತು ಜಪಾನಿನ ಕಾಡುಹೊಳೆಗಳ ಬದಿಯಲ್ಲಿ, ಮರದ ಪೊಟರೆಗಳಲ್ಲಿ ಮೊಟ್ಟೆಯಿಟ್ಟು ಮರಿ ಮಾಡುವ ಹಕ್ಕಿ. ತಿನ್ಸುಕಿಯಾದ ದಿಬ್ರು ನದಿಯಲ್ಲಿ 1902ರಲ್ಲಿ ಅದು ದಾಖಲಾಗಿತ್ತು. ಅದೇ ಸೀಮೆಯ ಮಾಗುರಿ ಮೋಟಾಪುಂಗ್ ಬೀಲ್‌ನಲ್ಲಿ ಒಂದು ಗಂಡು ಹಕ್ಕಿ ಇಳಿದಿದೆ ಎಂಬ ಸುದ್ದಿ ಬಂದಾಗ ನನಗೆ ಸುಮ್ಮನೆ ಕೂರಲಾಗಲಿಲ್ಲ. ಬೀಲ್ ಎಂದರೆ ಅಸ್ಸಾಮಿನಲ್ಲಿ ಕೆರೆಯಂಥ ಜವುಗು.

ಮೃಗಾಲಯದಲ್ಲಿರುವ ಹಕ್ಕಿ ಅಲ್ಲಿಗೆ ಹೇಗೆ ಬಂತೆಂದು ಯಾರೂ ಕೇಳಬೇಕಾಗಿಲ್ಲ. ಆದರೆ ಬೀಲ್‌ಗೆ ಇಳಿದ ಈ ಹಕ್ಕಿಯ ವಿಷಯದಲ್ಲಿ ಎಲ್ಲವೂ ಆ ಪ್ರಶ್ನೆಯಿಂದಲೇ ಶುರುವಾಗುತ್ತದೆ. ಮೊದಲ ವಲಸೆಯಲ್ಲಿ ದಿಕ್ಕು ತಪ್ಪಿತೇ, ಗಾಳಿ ತಳ್ಳಿತೇ, ಬೇರೆ ಜಾತಿಯ ಬಾತುಗಳ ಹಿಂಡಿನೊಡನೆ ಸೇರಿ ಅವುಗಳ ದಾರಿ ಹಿಡಿಯಿತೇ? ಅದಕ್ಕೂ ಮೊದಲು, ಇದು ಕಾಡು ಹಕ್ಕಿಯೇ ಅಥವಾ ಯಾರದೋ ಪಂಜರದಿಂದ ತಪ್ಪಿಸಿಕೊಂಡದ್ದೇ ಎಂಬ ಅನುಮಾನವಿರುತ್ತದೆ. 2018ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಕಾಣಿಸಿಕೊಂಡ ಮ್ಯಾಂಡರಿನ್‌ನ ಕಾಲಿನಲ್ಲಿ ಬಳೆಯಿತ್ತು, ಅದು ಸಾಕಿದ ಹಕ್ಕಿಯೆಂದೇ ಬಹುಮಂದಿ ತಿಳಿದರು. ಆದ್ದರಿಂದ ಇಂಥ ಹಕ್ಕಿಯ ಬಣ್ಣಕ್ಕಿಂತ ಮೊದಲು ಅದರ ಕಾಲು, ಸಾಕುವವರು ಕತ್ತರಿಸಿರಬಹುದಾದ ರೆಕ್ಕೆಯ ಗರಿ ಮತ್ತು ಮನುಷ್ಯರ ಬಗೆಗಿನ ಅಂಜಿಕೆಯನ್ನು ಗಮನಿಸಬೇಕು.

ಅಂಬಿಗನು ಕಿರಿದಾದ ಮರದ ದೋಣಿಯನ್ನು ಹುಟ್ಟು ಹಾಕದೆ ಗಳದಿಂದ ತಳ್ಳುತ್ತ, ಬಾತುಗಳ ಹಿಂಡಿನಿಂದ ಬಹು ದೂರದಲ್ಲಿಯೇ ನಿಲ್ಲಿಸಿದನು. ಇನ್ನೂ ಸ್ವಲ್ಪ ಮುಂದಕ್ಕೆ ಹೋಗೋಣವೆಂದು ನಾನು ಸನ್ನೆ ಮಾಡಿದಾಗ ತಲೆಯಾಡಿಸಿ ಗಳವನ್ನು ಕೆಸರಿನಲ್ಲಿ ಊರಿದನು, ಮತ್ತು ಅವನು ಮಾಡಿದ್ದೇ ಸರಿ. ಬೂದುಕಂದು ಬಾತುಗಳ ನಡುವೆ ಕೆಂಪು ಕೊಕ್ಕು, ಕಣ್ಣಿನಿಂದ ಹಿಂದಕ್ಕೆ ಹರಿದ ಬಿಳಿಯ ಪಟ್ಟಿ, ಬೆನ್ನ ಮೇಲೆ ಹಾಯಿಯಂತೆ ಎದ್ದು ನಿಂತ ಎರಡು ಕಿತ್ತಳೆ ಗರಿಗಳು ಬೈನಾಕ್ಯುಲರಿನಲ್ಲಿ ಕಂಡವು. ಕಾಲು ನೀರಿನೊಳಗಿದ್ದುದರಿಂದ ನನಗೆ ಕಾಣಲಿಲ್ಲ. ಒಮ್ಮೆ ಅದು ಮೈ ಕೊಡವಿ ರೆಕ್ಕೆ ಬಿಚ್ಚಿದಾಗ ಗರಿಗಳು ಎಲ್ಲಿಯೂ ತುಂಡಾಗಿರಲಿಲ್ಲ. ದೂರದಲ್ಲಿ ಮೀನುಗಾರನೊಬ್ಬನು ಬಲೆ ಎಳೆದ ಸದ್ದಿಗೆ ಎಲ್ಲಕ್ಕಿಂತ ಮೊದಲು ಕತ್ತು ನಿಗುರಿಸಿದ್ದು ಅದೇ.

ಇಂಥ ಪ್ರಯಾಣದಿಂದ ಹಕ್ಕಿಗೆ ತೊಂದರೆಯಾಗುವುದಿಲ್ಲವೇ ಎಂದು ಕೇಳುವವರ ಆತಂಕ ನ್ಯಾಯವಾದದ್ದು. ದಣಿದು ಬಂದ ಹಕ್ಕಿಯನ್ನು ಫೋಟೋಕ್ಕಾಗಿ ಹಾರಿಸುವುದು ಕ್ರೌರ್ಯವೆಂದೇ ನಾನು ಭಾವಿಸುತ್ತೇನೆ. ಸ್ಥಳೀಯ ಅಂಬಿಗರು ಅಥವಾ ಮಾರ್ಗದರ್ಶಕರಿಲ್ಲದ ಕಡೆಗೆ ನಾನು ಹೋಗುವುದಿಲ್ಲ, ಗೂಡಿರುವ ಜಾಗಕ್ಕಂತೂ ಎಂದಿಗೂ ಇಲ್ಲ.

ಆದರೆ ನನ್ನ ಉತ್ತರದ ಮುಖ್ಯ ಭಾಗ ಆ ಬಾತಿಗಿಂತಲೂ ಆ ನೀರಿಗೆ ಸಂಬಂಧಿಸಿದ್ದು. 2020ರ ಮೇ 27ರಂದು ಈ ಜವುಗಿನ ಪಕ್ಕದ ಬಾಘ್ಜಾನ್‌ನಲ್ಲಿ ಅನಿಲದ ಬಾವಿಯೊಂದು ಸ್ಫೋಟಿಸಿ, ಜೂನ್ 9ರಂದು ಹೊತ್ತಿಕೊಂಡು, ತಿಂಗಳುಗಟ್ಟಲೆ ಉರಿದಿತ್ತು. ಸಾವಿರಾರು ಜನ ಮನೆ ಬಿಟ್ಟರು. ನೀರಿನ ಮೇಲೆ ಎಣ್ಣೆ ಹರಡಿತು. ಬೀಲ್‌ನಲ್ಲಿ ನದಿಯ ಡಾಲ್ಫಿನ್ ಒಂದು ಸತ್ತು ತೇಲಿತು. ಬೆಂಗಳೂರಿನಲ್ಲಿ ಕುಳಿತು ಆ ಸುದ್ದಿಯನ್ನು ಓದಿದ್ದ ನಾನು ಮರುದಿನವೇ ಮರೆತಿದ್ದೆ. ಬಾತುಕೋಳಿಯನ್ನು ನೋಡಿದ ಮಧ್ಯಾಹ್ನ ಅಂಬಿಗನು ದೋಣಿಯನ್ನು ದಡಕ್ಕೆ ಹಚ್ಚಿ, ಸುಟ್ಟಿದ್ದ ಹುಲ್ಲುಗಾವಲನ್ನು ತೋರಿಸಿದನು. ಕರಿಕಾಗಿದ್ದ ಬುಡಗಳಿಂದ ಹೊಸ ಹುಲ್ಲು ಮೊಳಕಾಲೆತ್ತರಕ್ಕೆ ಬಂದಿತ್ತು. ಇಲ್ಲಿಯ ಕಪ್ಪು ಎದೆಯ ಪ್ಯಾರಟ್‌ಬಿಲ್ ಎಂಬ ಪುಟ್ಟ ಹಕ್ಕಿ ಆ ಬಾತಿನಂತೆ ಎಲ್ಲಿಂದಲೋ ದಾರಿ ತಪ್ಪಿ ಬಂದದ್ದಲ್ಲ, ಇಂಥ ಎತ್ತರದ ಹುಲ್ಲನ್ನು ಬಿಟ್ಟರೆ ಅದಕ್ಕೆ ಬೇರೆ ಮನೆಯಿಲ್ಲ. ಸಂಜೆಯವರೆಗೆ ನಾವಿಬ್ಬರೂ ಅಲ್ಲಿ ನಿಂತು ಅದರ ಕೂಗಿಗಾಗಿ ಕಿವಿಗೊಟ್ಟೆವು.