ಮೆರ್ಲೋ ಮಾಗಿದೆಯೋ, ಮುದಿಯಾಗಿದೆಯೋ

ಕೆಂಪು ವೈನ್ ಹಳೆಯದಾದಷ್ಟೂ ಅದರ ರುಚಿ ಹೆಚ್ಚುತ್ತದೆ ಎಂಬ ನಂಬಿಕೆ ಜನರಲ್ಲಿ ಆಳವಾಗಿ ಬೇರೂರಿದೆ. ಮೆರ್ಲೋ ಎಂಬ ಕಪ್ಪು ದ್ರಾಕ್ಷಿಯಿಂದ ಅದೇ ಹೆಸರಿನಲ್ಲಿ ತಯಾರಾಗುವ ವೈನಿನ ಮಟ್ಟಿಗೆ ಈ ಮಾತು ಕೆಲವೇ ಬಾಟಲಿಗಳಿಗೆ ಸಲ್ಲುತ್ತದೆ. ಮಾರಾಟಕ್ಕೆ ಬರುವ ಮೆರ್ಲೋಗಳಲ್ಲಿ ಹೆಚ್ಚಿನವು ಕೊಯ್ಲಾದ ನಾಲ್ಕೈದು ವರ್ಷಗಳೊಳಗೆ ಕುಡಿದು ಮುಗಿಸಲೆಂದೇ ತಯಾರಾದವು. ಅವುಗಳನ್ನು ಹತ್ತು ವರ್ಷ ಕೂಡಿಟ್ಟರೆ ಹಣ್ಣಿನ ಸೊಗಸು ಹೋಗುತ್ತದೆಯೇ ಹೊರತು ಅದರ ಜಾಗಕ್ಕೆ ಮತ್ತೇನೂ ಬರುವುದಿಲ್ಲ. ಆದ್ದರಿಂದ ಹಳೆಯ ಮೆರ್ಲೋ ಎದುರಿಗೆ ಬಂದಾಗ, ಕಳೆದುಕೊಂಡದ್ದಕ್ಕೆ ಬದಲಾಗಿ ಅದು ಏನನ್ನು ಗಳಿಸಿದೆ ಎಂಬ ಒಂದೇ ಲೆಕ್ಕವನ್ನು ನಾನು ಹಾಕುತ್ತೇನೆ.

ಈ ಲೆಕ್ಕದ ಮೂಲ ದ್ರಾಕ್ಷಿಯಲ್ಲೇ ಇದೆ. ಮೆರ್ಲೋ ಬೇಗ ಹಣ್ಣಾಗುವ ತಳಿ. ಕೆಂಪು ವೈನಿನ ಇನ್ನೊಂದು ಹೆಸರಾಂತ ದ್ರಾಕ್ಷಿ ಕ್ಯಾಬರ್ನೆ ಸೋವಿನ್ಯೋನ್‌ಗಿಂತ ಒಂದೆರಡು ವಾರ ಮೊದಲೇ ಕೊಯ್ಲಿಗೆ ಬರುತ್ತದೆ. ಇದರ ಸಿಪ್ಪೆ ತೆಳು, ಸಕ್ಕರೆ ಜಾಸ್ತಿ, ಹುಳಿ ಕಡಿಮೆ. ವೈನಿಗೆ ದೀರ್ಘಾಯುಸ್ಸು ಕೊಡುವುದು ಮುಖ್ಯವಾಗಿ ಒಗರು ಮತ್ತು ಹುಳಿ. ಮೆರ್ಲೋದಲ್ಲಿ ಇವೆರಡೂ ಸಾಮಾನ್ಯವಾಗಿ ಮೆತ್ತಗಿರುತ್ತವೆ. ಹಾಗೆಂದು ಇದನ್ನು ಅಲ್ಪಾಯುಷಿ ಎಂದು ಸಾರಾಸಗಟಾಗಿ ತಳ್ಳಿಹಾಕುವಂತಿಲ್ಲ. ಫ್ರಾನ್ಸಿನ ಬೋರ್ಡೋದಲ್ಲಿ ದೋರ್ದೋನ್ ನದಿಯ ಬಲದಂಡೆಯ ಮೇಲಿರುವ ಪೊಮೆರೋಲ್ ಮತ್ತು ಸ್ಯಾಂತ್ ಎಮಿಲಿಯೋಂ ಪ್ರದೇಶಗಳ, ಮೆರ್ಲೋವೇ ಪ್ರಧಾನವಾಗಿರುವ ಉತ್ತಮ ವೈನುಗಳು ದಶಕಗಟ್ಟಲೆ ಬಾಳುತ್ತವೆ. ಪೊಮೆರೋಲ್‌ನ ಹೆಸರಾಂತ ಪೆತ್ರೂಸ್ ತೋಟದಲ್ಲಿರುವುದು ನೀಲಿ ಜೇಡಿಮಣ್ಣು. ತಂಪಾಗಿದ್ದು ತೇವವನ್ನು ಹಿಡಿದಿಡುವ ಇಂಥ ಮಣ್ಣಿನಲ್ಲಿ ಬಳ್ಳಿಗೆ ಒಣ ಬೇಸಿಗೆಯಲ್ಲೂ ನೀರಿನ ಆಸರೆ ಸಿಗುತ್ತದೆ, ಹಣ್ಣು ಅವಸರವಿಲ್ಲದೆ ಬಲಿಯುತ್ತದೆ, ವೈನಿಗೆ ಗಟ್ಟಿ ಮೈಕಟ್ಟು ಬರುತ್ತದೆ.

ಪರೀಕ್ಷೆ ಬಣ್ಣದಿಂದ ಶುರುವಾಗುತ್ತದೆ. ಲೋಟವನ್ನು ಬಿಳಿ ಕಾಗದದ ಮೇಲೆ ಓರೆಯಾಗಿ ಹಿಡಿದರೆ ಎಳೆಯ ಮೆರ್ಲೋ ನಡುವಿನಿಂದ ಅಂಚಿನವರೆಗೂ ನೇರಳೆ ಬೆರೆತ ಗಾಢ ಕೆಂಪಾಗಿ ಕಾಣುತ್ತದೆ. ವರ್ಷಗಳು ಕಳೆದಂತೆ ನೇರಳೆ ಛಾಯೆ ಮಾಯವಾಗಿ ಮಾಣಿಕ್ಯದ ಕೆಂಪು ಉಳಿಯುತ್ತದೆ. ಆಮೇಲೆ ಅಂಚು ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಆಂಥೋಸಯನಿನ್ ಎಂಬ ಬಣ್ಣದ ಅಣುಗಳು ಒಗರಿಗೆ ಕಾರಣವಾದ ಟ್ಯಾನಿನ್‌ನೊಂದಿಗೆ ಬೆಸೆದುಕೊಂಡು ಹೊಸ ವರ್ಣಕಗಳಾಗುವುದೂ, ಬೆಳೆದು ಬೆಳೆದು ಭಾರವಾದವು ಗಸಿಯಾಗಿ ತಳ ಸೇರುವುದೂ ಇದಕ್ಕೆ ಕಾರಣ. ಆದರೆ ಮೆರ್ಲೋದ ಅಂಚು ಸ್ವಲ್ಪ ಬೇಗನೆ ಇಟ್ಟಿಗೆಗೆಂಪಾಗುವುದರಿಂದ ಬಣ್ಣವೊಂದನ್ನೇ ನೋಡಿ ವೈನ್ ಮುಗಿದುಹೋಯಿತು ಎಂದು ತೀರ್ಪು ಕೊಡುವುದು ಆತುರವಾಗುತ್ತದೆ.

ಮೂಗು ಹೇಳುವ ಕಥೆ ಇನ್ನೂ ವಿವರವಾದದ್ದು. ಎಳೆಯದರಲ್ಲಿ ಪ್ಲಮ್ ಮತ್ತು ಕಪ್ಪು ಚೆರ್ರಿಯ ವಾಸನೆ ಎದ್ದು ಕಾಣುತ್ತದೆ. ಹೊಸ ಓಕ್ ಪೀಪಾಯಿಯಲ್ಲಿ ಇಟ್ಟಿದ್ದರೆ ವೆನಿಲ್ಲಾ ಸೇರಿಕೊಂಡಿರುತ್ತದೆ. ಹಣ್ಣು ಪೂರ್ತಿ ಬಲಿಯುವ ಮೊದಲೇ ಕೊಯ್ದಿದ್ದರೆ ದೊಣ್ಣೆ ಮೆಣಸಿನಕಾಯಿಯ ಹಸಿ ವಾಸನೆಯೂ ಇರುತ್ತದೆ, ಅದು ಎಷ್ಟು ಕಾಲ ಇಟ್ಟರೂ ಸುಲಭವಾಗಿ ಹೋಗುವುದಿಲ್ಲ. ಚೆನ್ನಾಗಿ ಮಾಗಿದಾಗ ತಾಜಾ ಹಣ್ಣಿನ ಜಾಗಕ್ಕೆ ಒಣ ಅಂಜೂರ, ಚರ್ಮ, ತಂಬಾಕಿನೆಲೆ, ಅಣಬೆ, ಮಳೆ ಬಿದ್ದ ಕಾಡಿನ ನೆಲ ಇವುಗಳ ಘಮ ಒಂದೊಂದಾಗಿ ಬರುತ್ತದೆ. ಇವೆಲ್ಲದರ ಅಡಿಯಲ್ಲಿ ಒಂದಿಷ್ಟಾದರೂ ಹಣ್ಣು ಉಳಿದಿರಬೇಕು ಎಂಬುದು ನನ್ನ ಹಠ. ಬರೀ ಚರ್ಮ ಮತ್ತು ಅಣಬೆಯಷ್ಟೇ ಉಳಿದ ವೈನನ್ನು ಕೆಲವರು ಬಾಯ್ತುಂಬ ಹೊಗಳುತ್ತಾರೆ. ಆ ಹೊಗಳಿಕೆಯಲ್ಲಿ ಅರ್ಧಪಾಲು ಲೇಬಲ್ಲಿನ ಮೇಲಿರುವ ಇಸವಿಗೆ ಸಲ್ಲುತ್ತದೆಂದು ನನ್ನ ಗುಮಾನಿ.

ಆದರೂ ಕೊನೆಯ ತೀರ್ಪು ಬಾಯಿಯದೇ. ಒಂದು ಗುಟುಕನ್ನು ನುಂಗದೆ ಹತ್ತು ಸೆಕೆಂಡು ಬಾಯಲ್ಲಿಟ್ಟು, ನಾಲಿಗೆಯಿಂದ ಒಸಡಿನವರೆಗೆ ಹರಿಯಬಿಟ್ಟು ನೋಡಬೇಕು. ಟ್ಯಾನಿನ್ ಜೊಲ್ಲಿನ ಪ್ರೋಟೀನನ್ನು ಹಿಡಿದುಕೊಳ್ಳುವುದರಿಂದ ಬಾಯಿ ಒಣಗಿ ಒಗರೊಗರಾಗುತ್ತದೆ. ಎಳೆಯ ವೈನಿನ ಒಗರು ಒಸಡನ್ನು ಹಿಡಿದು ಎಳೆಯುತ್ತದೆ; ಮಾಗಿದ ವೈನಿನದು ಚೆನ್ನಾಗಿ ಜರಡಿ ಹಿಡಿದ ಹಿಟ್ಟಿನಂತೆ ನುಣ್ಣಗೆ ಹರಡಿಕೊಳ್ಳುತ್ತದೆ. ಮುಖ್ಯವಾಗಿ ಗಮನಿಸಬೇಕಾದದ್ದು ಗುಟುಕಿನ ನಡುಭಾಗವನ್ನು, ಅಂದರೆ ಮೊದಲ ರುಚಿ ಇಳಿದು ಕೊನೆಯ ರುಚಿ ಏರುವ ನಡುವಿನ ಕ್ಷಣಗಳನ್ನು. ಮೆರ್ಲೋದ ನಿಜವಾದ ಸಂಪತ್ತು ಅಲ್ಲಿನ ತುಂಬುತನ. ಅದು ಟೊಳ್ಳಾಗಿದ್ದು, ಹುಳಿ ಮತ್ತು ಆಲ್ಕೋಹಾಲಿನ ಬಿಸಿ ಮಾತ್ರ ಪ್ರತ್ಯೇಕವಾಗಿ ಚುಚ್ಚುತ್ತಿದ್ದರೆ ವೈನ್ ಮುದಿಯಾಗಿದೆ ಎಂದೇ ಅರ್ಥ. ಹುಳಿ ಹೆಚ್ಚಾದಂತೆ ಅನಿಸಿದರೂ ವಾಸ್ತವದಲ್ಲಿ ಅದು ಹೆಚ್ಚಿರುವುದಿಲ್ಲ; ಅದನ್ನು ಮರೆಮಾಡಿದ್ದ ಹಣ್ಣು ಕರಗಿಹೋಗಿರುತ್ತದೆ, ಅಷ್ಟೆ. ವಿನೆಗರಿನ ಘಾಟು ಬಂದರೆ ಮಾತ್ರ ಅದು ಬೇರೆ ರೋಗ.

ಈ ನಡುಭಾಗದ ಪರೀಕ್ಷೆಯಿಂದ ಇನ್ನೊಂದು ಲಾಭವಿದೆ. ಗಟ್ಟಿ ಮೈಕಟ್ಟಿನ ಕೆಲವು ವೈನುಗಳು ಬಾಟಲಿಗೆ ಸೇರಿದ ಕೆಲ ವರ್ಷಗಳ ಮೇಲೆ ಮಂಕಾಗುತ್ತವೆ. ಎಳೆತನದ ಘಮ ಹೋಗಿರುತ್ತದೆ, ಮಾಗಿದ ಘಮ ಇನ್ನೂ ಬಂದಿರುವುದಿಲ್ಲ. ಮೂಗಿಗೆ ಏನೂ ಸಿಗದಿದ್ದರೂ ಬಾಯಿಯಲ್ಲಿ ತೂಕವಿದ್ದರೆ ಅಂಥ ವೈನಿಗೆ ಇನ್ನಷ್ಟು ವರ್ಷ ಕೊಡಬಹುದು. ಮೂಗಿನಲ್ಲೂ ಇಲ್ಲ, ಬಾಯಿಯಲ್ಲೂ ಇಲ್ಲ ಎಂದಾದರೆ ಕಾಯುವುದರಲ್ಲಿ ಅರ್ಥವಿಲ್ಲ.

ಇಡುವ ರೀತಿಯೂ ತೀರ್ಪನ್ನು ಬದಲಿಸುತ್ತದೆ. ಸುಮಾರು 12ರಿಂದ 14 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕತ್ತಲಲ್ಲಿ, ಕಾರ್ಕ್ ಒಣಗದಂತೆ ಮಲಗಿಸಿಟ್ಟ ಬಾಟಲಿಗೂ ಸೆಖೆಯಲ್ಲಿ ಬಿದ್ದಿದ್ದ ಅದೇ ವೈನಿಗೂ ಹೋಲಿಕೆಯೇ ಇರುವುದಿಲ್ಲ. 375 ಮಿಲಿಲೀಟರಿನ ಸಣ್ಣ ಬಾಟಲಿ ಬೇಗ ಮಾಗುತ್ತದೆ, ಒಂದೂವರೆ ಲೀಟರಿನದು ನಿಧಾನವಾಗಿ.

ತುಂಬ ಹಳೆಯ ಬಾಟಲಿಯನ್ನು ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ ಗಸಿ ಇಳಿಯಲು ಬಿಟ್ಟು, ಕುಡಿಯುವ ಹೊತ್ತಿಗಷ್ಟೇ ಬಗ್ಗಿಸುವುದು ಒಳ್ಳೆಯದು. ಎಳೆಯ ಮೆರ್ಲೋಗೆ ಗಂಟೆಗಟ್ಟಲೆ ಗಾಳಿ ಆಡಿಸಿದರೆ ಅನುಕೂಲ. ಹಳೆಯದು ಅರ್ಧ ಗಂಟೆಯಲ್ಲೇ ಸೊರಗಿಹೋಗಬಹುದು. ಹೀಗಾಗಿ ಸುರಿದ ಕೂಡಲೇ ಒಮ್ಮೆ, ಹತ್ತು ನಿಮಿಷದ ಮೇಲೆ ಇನ್ನೊಮ್ಮೆ ರುಚಿ ನೋಡುತ್ತೇನೆ. ಎರಡನೆಯ ಸಲ ವೈನಿನ ರುಚಿ ಮೇಲೇರಿದ್ದರೆ ಅದೇ ವರ್ಷದ ಉಳಿದ ಬಾಟಲಿಗಳು ಇನ್ನೂ ಸ್ವಲ್ಪ ಕಾಲ ಕಾಯಬಲ್ಲವು. ಇಳಿದಿದ್ದರೆ ಅವುಗಳನ್ನೂ ಬೇಗನೆ ತೆರೆದುಬಿಡುತ್ತೇನೆ.