ನಾಲ್ಕನೇ ಸಲ ಗಂಟು ನಿಂತಿತು

ಗಾಳ ಹಾಕಿ ಮೀನು ಹಿಡಿಯುವ ರಾಡ್ ಯಾವುದು, ರೀಲ್ ಯಾವುದು ಅನ್ನುವ ವಿವರ ಈ ಸಲ ಬೇಡ. ಅವೆರಡೂ ಹಳೆಯವೇ. ರೀಲ್‌ನಲ್ಲಿ ಪಿಇ 3 ಬ್ರೇಡ್, ಅಂದರೆ ಸಣ್ಣ ನೂಲುಗಳನ್ನು ಹೆಣೆದ ಮುಖ್ಯ ದಾರ (3 ಅನ್ನುವುದು ದಪ್ಪದ ಅಳತೆ). ಮೀನಿನ ಕಡೆಯ ತುದಿಗೆ 80 ಪೌಂಡ್ ಫ್ಲೋರೋಕಾರ್ಬನ್ ಲೀಡರ್, ಅಂದರೆ ಒಂದೇ ಎಳೆಯ ದಪ್ಪ ದಾರ. ಎರಡನ್ನೂ ಸೇರಿಸಲು ಎಫ್‌ಜಿ ಅನ್ನುವ ಗಂಟು. ಮೂರು ಟ್ರಿಪ್‌ಗಳಿಂದ ನನ್ನ ನಿದ್ದೆ ಕೆಡಿಸಿದ್ದು ಆ ಗಂಟು. ಎರಡು ಇಂಚೂ ಇಲ್ಲದ ಜಾಗ ಅದು. ಭಾನುವಾರ ಕೊನೆಗೂ ನಿಂತಿತು. ಅದಕ್ಕೇ ಬರೆಯಲು ಕೂತಿದ್ದೇನೆ.

ಮೊದಲ ಸಲ ಕೈಕೊಟ್ಟಾಗ ದೋಣಿಯಲ್ಲಿ ನಾವು ನಾಲ್ಕು ಜನ ಇದ್ದೆವು. ಹಕ್ಕಿಗಳು ನೀರಿಗೆ ಎರಗುತ್ತಿದ್ದವು, ಟ್ಯೂನಾ ಹಿಂಡು ಮೇಲೆ ಬಂದಿತ್ತು. ನನ್ನ ಜಿಗ್ (ಗಾಳ ಕಟ್ಟಿದ ಲೋಹದ ನಕಲಿ ಮೀನು) ನೀರಿಗೆ ಬಿದ್ದು ಹತ್ತು ಸುತ್ತು ಎಳೆಯುವಷ್ಟರಲ್ಲಿ ಮೀನು ಹಿಡಿಯಿತು. ಒಂದೇ ಓಟಕ್ಕೆ ನೂರು ಮೀಟರ್ ದಾರ ಹೋಯಿತು. ಆಮೇಲೆ ರಾಡ್ ನೆಟ್ಟಗಾಯಿತು. ಅಷ್ಟೇ.

ತಪ್ಪಿಸಿಕೊಂಡ ಮೀನಿಗಾಗಿ ನಾನು ಅಳುವುದಿಲ್ಲ. ಆದರೆ ಬಾಯಲ್ಲಿ ಜಿಗ್, ಹಿಂದೆ ಎರಡು ಮೀಟರ್ ಲೀಡರ್ ಎಳೆದುಕೊಂಡು ತಿರುಗುವ ಮೀನನ್ನು ನೆನೆದರೆ ಹೊಟ್ಟೆ ಕಿವುಚಿದ ಹಾಗಾಗುತ್ತದೆ. ಗಂಟು ಸರಿ ಇರಬೇಕು ಅಂತ ನಾನು ಹಟ ಹಿಡಿಯುವುದು ಅದಕ್ಕೇ.

ವಾಪಸ್ ಬಂದ ದಾರದ ತುದಿಯನ್ನು ಸುಮ್ನೆ ಕತ್ತರಿಸಿ ಎಸೆಯಬೇಡಿ. ಏನಾಯಿತು ಅನ್ನುವುದು ಅದರಲ್ಲೇ ಇರುತ್ತದೆ. ಹಲ್ಲು ಕಡಿದಿದ್ದರೆ ಲೀಡರ್‌ನ ಒಂದು ತುಂಡು ನಿಮ್ಮ ಕೈಗೆ ಬರುತ್ತದೆ. ಅಂಜಲ್ ಕಡಿದರೆ ಕತ್ತರಿ ಹಾಕಿದಷ್ಟು ನುಣುಪಾಗಿ ತುಂಡಾಗಿರುತ್ತದೆ. ಬಂಡೆಗೆ ಉಜ್ಜಿ ಹೋಗಿದ್ದರೆ ಬ್ರೇಡ್ ಹತ್ತಿಯ ಹಾಗೆ ಬಿಚ್ಚಿಕೊಂಡಿರುತ್ತದೆ. ನನ್ನದು ಇದ್ಯಾವುದೂ ಅಲ್ಲ. ಬ್ರೇಡ್ ತುದಿ ತುಂಡಾಗಿರಲೇ ಇಲ್ಲ. ಸ್ಪ್ರಿಂಗ್ ಹಾಗೆ ಸುರುಳಿ ಸುತ್ತಿಕೊಂಡಿತ್ತು. ಅಂದರೆ ಗಂಟು ಹರಿದಿಲ್ಲ, ಜಾರಿದೆ.

ಎರಡನೇ ಟ್ರಿಪ್‌ನಲ್ಲೂ ಅದೇ ಸುರುಳಿ.

ಎಫ್‌ಜಿಯಲ್ಲಿ ಲೀಡರ್ ಮಡಚಿಕೊಳ್ಳುವುದಿಲ್ಲ, ಅಲ್ವಾ? ಬ್ರೇಡ್ ಅದರ ಸುತ್ತ ಹೆಣೆದುಕೊಂಡು, ಎಳೆದಷ್ಟೂ ಬಿಗಿಯಾಗಿ ಕಚ್ಚುತ್ತದೆ. ರಾಡ್ ಉದ್ದಕ್ಕೂ ದಾರ ಹಾಯುವ ಬಳೆಗಳಲ್ಲಿ, ಅಂದರೆ ಗೈಡ್‌ಗಳಲ್ಲಿ, ನುಣ್ಣಗೆ ನುಗ್ಗುವುದೂ ಅದರಿಂದಲೇ. ಆದರೆ ಆ ಮೊದಲ ಕಚ್ಚನ್ನು ನಾವೇ ಕೂರಿಸಬೇಕು. ಮೀನು ಎಳೆದಾಗ ತಾನೇ ಕೂರುತ್ತದೆ ಅಂತ ಬಿಟ್ಟರೆ ಕೆಟ್ಟೆವು. ನನ್ನ ಬ್ರೇಡ್ ಹೊಸದು, ಮೇಲೆ ಜಾರುವ ಲೇಪ ಇತ್ತು. ಬರಿಗೈಯಲ್ಲಿ ಎಳೆದರೆ ದಾರ ಬೆರಳು ಕೊಯ್ಯುತ್ತದೆಯೇ ಹೊರತು ಗಂಟು ಕೂರುವುದಿಲ್ಲ. ಈಗ ಇಪ್ಪತ್ತು ಸುತ್ತು ಮುಗಿದು ಎರಡು ಹಾಫ್ ಹಿಚ್ (ಒಂದೇ ಕುಣಿಕೆಯ ಸಣ್ಣ ಬಿಗಿತ) ಬಿದ್ದ ಕೂಡಲೇ ಗಂಟು ಒದ್ದೆ ಮಾಡುತ್ತೇನೆ. ಬ್ರೇಡನ್ನು ಒಂದು ಮರದ ಹಿಡಿಗೆ, ಲೀಡರನ್ನು ಪಕ್ಕಡದ ಹಿಡಿಗೆ ಸುತ್ತಿ ಮೈಭಾರ ಹಾಕಿ ಎಳೆಯುತ್ತೇನೆ. ಸರಿಯಾಗಿ ಕೂತರೆ ಬ್ರೇಡ್‌ನ ಬಣ್ಣ ಒಂದು ಛಾಯೆ ಗಾಢವಾಗುತ್ತದೆ. ಬಣ್ಣ ಬದಲಾಗಲಿಲ್ಲ ಅಂದರೆ ಬಿಚ್ಚಿ ಮತ್ತೆ ಕಟ್ಟಿ. ಬೇರೆ ದಾರಿ ಇಲ್ಲ.

ಇದರ ನಡುವೆ ಲೀಡರ್ ಕಳಿಸಿದವರ ಕಥೆಯನ್ನೂ ಹೇಳಿಬಿಡುತ್ತೇನೆ. ಮೂರು ವಾರ ಕಾಯಿಸಿದರು. ಲೇಬಲ್ ಮೇಲೆ 0.81 ಮಿ.ಮೀ. ಅಂತ ಇತ್ತು. ವರ್ನಿಯರ್ ಹಿಡಿದರೆ ಒಂದು ಕಡೆ 0.77, ಒಂದು ಮೀಟರ್ ಆಚೆ 0.85. ಇನ್ನೊಂದು ಕಡೆ ಮೊಟ್ಟೆಯ ಹಾಗೆ ಚಪ್ಪಟೆ. ಬೇರೆ ಗಂಟಾಗಿದ್ದರೆ ಇದು ಇಷ್ಟು ಕಾಡುತ್ತಿರಲಿಲ್ಲವೇನೋ. ಎಫ್‌ಜಿ ನಿಲ್ಲುವುದು ಬರೀ ಹಿಡಿತದಿಂದ. ದಪ್ಪ ಸಮ ಇಲ್ಲದಿದ್ದರೆ ಹಿಡಿತವೂ ಸಮ ಇರುವುದಿಲ್ಲ. ಆ ಸ್ಪೂಲ್ ವಾಪಸ್ ಕಳಿಸಿದೆ. ದುಡ್ಡು ಇನ್ನೂ ಬಂದಿಲ್ಲ.

ಹೊಸ ಲೀಡರ್, ಗಟ್ಟಿ ಕೂತ ಗಂಟು, ಮೂರನೇ ಟ್ರಿಪ್. ಈ ಸಲ ಮೀನು ಹತ್ತು ನಿಮಿಷ ಇತ್ತು. ಆಮೇಲೆ ಟಪ್ ಅಂತ ಹೋಯಿತು. ಗೆಳೆಯ ಡ್ರ್ಯಾಗ್ ಮೇಲೆ, ಅಂದರೆ ಮೀನು ಎಳೆದಾಗ ದಾರ ಬಿಡುವ ರೀಲ್‌ನ ಬ್ರೇಕ್ ಮೇಲೆ, ಅನುಮಾನ ಪಟ್ಟ. "ಜಾಸ್ತಿ ಬಿಗಿ ಇಟ್ಟಿದ್ದೀಯ ಮಾರಾಯ" ಅಂದ.

ಅವನ ಮಾತಿನಲ್ಲಿ ಅರ್ಧ ಸತ್ಯ ಇತ್ತು. ನಾನು ಡ್ರ್ಯಾಗನ್ನು ತೂಕದ ಕೊಕ್ಕೆ ಹಾಕಿ 6.5 ಕೆ.ಜಿ.ಗೆ ಇಟ್ಟಿದ್ದೆ, ಬ್ರೇಡ್ ತಾಳುವ ಭಾರದ ಮೂರನೇ ಒಂದು ಭಾಗದ ಒಳಗೆ. ಆದರೆ ಅದು ರೀಲ್‌ನಲ್ಲಿ ದಾರ ಸುತ್ತುವ ಸ್ಪೂಲ್ ತುಂಬಿದ್ದಾಗಿನ ಲೆಕ್ಕ. ದಾರ ಖಾಲಿಯಾದಂತೆ ಸ್ಪೂಲ್‌ನ ಸುತ್ತಳತೆ ಇಳಿಯುತ್ತದೆ, ಎಳೆಯಲು ಬೇಕಾದ ಬಲ ಏರುತ್ತದೆ. ನಾಬ್ ಮುಟ್ಟದಿದ್ದರೂ ಏರುತ್ತದೆ. ಸ್ಪೂಲ್ ಮೇಲಿನ ದಾರದ ಸುತ್ತಿನ ವ್ಯಾಸ 60 ಮಿ.ಮೀ.ನಿಂದ 45ಕ್ಕೆ ಇಳಿದರೆ 6.5 ಹೋಗಿ ಸುಮಾರು 8.7 ಕೆ.ಜಿ. ಆಯಿತು. ಗೈಡ್‌ಗಳ ಉಜ್ಜಾಟ, ನೀರಲ್ಲಿ ಉದ್ದಕ್ಕೆ ಬಿದ್ದ ದಾರದ ಎಳೆತ, ಎಲ್ಲ ಇದರ ಮೇಲೆ. ದೂರ ಓಡಿದ ಮೀನಿಗೆ ಡ್ರ್ಯಾಗ್ ಸ್ವಲ್ಪ ಸಡಿಲಿಸಬೇಕು ಅನ್ನುವುದು ಇದಕ್ಕೇ. ಆದರೂ 22 ಕೆ.ಜಿ. ತಾಳುವ ದಾರ 9 ಕೆ.ಜಿ.ಗೆ ಯಾಕೆ ಹೋಗಬೇಕು?

ಮತ್ತೆ ತುದಿ ನೋಡಿದೆ. ಸುರುಳಿ ಇಲ್ಲ, ಹತ್ತಿ ಇಲ್ಲ. ಬೆರಳಿಗೆ ಒಂದು ಗಟ್ಟಿ ಕಾಳು ಸಿಕ್ಕಿತು, ಸಾಸಿವೆಗಿಂತ ಚಿಕ್ಕದು. ಏನದು ಅಂತ ಎರಡು ದಿನ ಹೊಳೆಯಲಿಲ್ಲ.

ಆ ವಾರ ಮನೆಯಲ್ಲಿ ಪರೀಕ್ಷೆಗೆ ಕೂತೆವು. ಒಂದು ತುದಿ ಕಿಟಕಿಯ ಸರಳಿಗೆ, ಇನ್ನೊಂದು ಲಗೇಜ್ ತೂಗುವ ಡಿಜಿಟಲ್ ತಕ್ಕಡಿಗೆ, ಕಣ್ಣಿಗೆ ಕನ್ನಡಕ. ನಾನು ಆರು ಗಂಟು ಕಟ್ಟಿದೆ, ಅದೇ ಗೆಳೆಯ ಆರು ಕಟ್ಟಿದ. ಅವನ ಗಂಟು ನೋಡಲು ನನ್ನದಕ್ಕಿಂತ ಒರಟು. ನನ್ನವು 11, 9, 12, 10 ಕೆ.ಜಿ. ಅಂತ ಹೋದವು. ಅವನವು ಒಂದಾದ ಮೇಲೊಂದು 19 ದಾಟಿದವು. ಎರಡು ಸಲ ಗಂಟು ಹಾಗೇ ಇತ್ತು, ದಾರವೇ ಬೇರೆ ಕಡೆ ಹರಿಯಿತು.

ಕಟ್ಟುವ ರೀತಿ ಒಂದೇ, ಬ್ರೇಡ್ ಒಂದೇ. ವ್ಯತ್ಯಾಸ ಎಲ್ಲಿ? ಅವನು ಏಳನೆಯದು ಕಟ್ಟುವಾಗ ಪಕ್ಕದಲ್ಲಿ ಕೂತು ನೋಡಿದೆ. ಲೀಡರ್ ತುದಿಯನ್ನು ನಿಪ್ಪರ್‌ನಲ್ಲಿ ಕತ್ತರಿಸಿ ಮುಂದೆ ಹೋದ. "ಲೈಟರ್ ಹಿಡಿಯಲ್ವಾ?" ಅಂತ ಕೇಳಿದೆ. "ನನ್ನ ಹತ್ರ ಲೈಟರ್ ಎಲ್ಲಿದೆ?" ಅಂದ.

ಸಿಕ್ಕಿತು! ಲೀಡರ್‌ನ ಚೂಪು ಅಂಚು ಗೈಡಿಗೆ ತಾಗದಿರಲಿ ಅಂತ ನಾನು ತುದಿಯನ್ನು ಸುಟ್ಟು ಗುಂಡಗೆ ಮಾಡುತ್ತಿದ್ದೆ. ಆ ತುದಿಗೆ ಅಂಟಿಕೊಂಡೇ ಹೋಗುವುದು ಮುಖ್ಯ ಬ್ರೇಡ್. ಫ್ಲೋರೋಕಾರ್ಬನ್ ಕರಗುವುದು 170 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಬ್ರೇಡ್‌ನ ಪಾಲಿಥಿಲೀನ್ ನೂಲು 150 ತಲುಪುವಷ್ಟರಲ್ಲೇ ಕರಗುತ್ತದೆ, ಬಲ ಕಳೆದುಕೊಳ್ಳುವುದು ಅದಕ್ಕೂ ತುಂಬ ಮೊದಲೇ. ಲೀಡರ್ ಗುಂಡಗಾಗುವ ಹೊತ್ತಿಗೆ ಪಕ್ಕದ ಬ್ರೇಡ್ ಒಳಗೊಳಗೇ ಬೆಂದಿರುತ್ತದೆ. ಆ ಗಟ್ಟಿ ಕಾಳು ಕರಗಿ ಒಂದಾದ ನೂಲು. ಮೊದಲ ಎರಡು ಟ್ರಿಪ್‌ನಲ್ಲಿ ಇದು ಕಾಣಲಿಲ್ಲ, ಯಾಕೆಂದರೆ ಹರಿಯುವ ಮೊದಲೇ ಗಂಟು ಜಾರುತ್ತಿತ್ತು. ಜಾರುವುದನ್ನು ಸರಿ ಮಾಡಿದ ಮೇಲೆ ಸುಟ್ಟ ಜಾಗ ಹೊರಬಿತ್ತು.

ಈಗ ಬೆಂಕಿ ಇಲ್ಲ. ಲೀಡರನ್ನು ಓರೆಯಾಗಿ ಕತ್ತರಿಸುತ್ತೇನೆ. ಅಂಚು ದಾಟಿ ಬರೀ ಬ್ರೇಡ್ ಮೇಲೆ ಆರು ಹಾಫ್ ಹಿಚ್ ಹಾಕಿ ಮುಗಿಸುತ್ತೇನೆ. ಚೂಪು ಅಂಚು ಗೈಡಿಗೆ ತಾಗದಂತೆ ಆ ಹಿಚ್‌ಗಳ ಸಾಲೇ ರಕ್ಷಣೆ.

ಇಷ್ಟೆಲ್ಲ ಮಾಡುವಾಗ ಇನ್ನೊಂದು ಹುಚ್ಚು ಹತ್ತಿದೆ. ಟೊಳ್ಳು ಬ್ರೇಡ್. ಲೀಡರನ್ನು ಅದರ ಹೊಟ್ಟೆಯೊಳಗೆ ಅರ್ಧ ಮೀಟರ್ ತೂರಿಸಿದರೆ ಗಂಟೇ ಬೇಡ, ಎಳೆದಷ್ಟೂ ಬ್ರೇಡ್ ಕಿರಿದಾಗಿ ತಾನೇ ಹಿಡಿಯುತ್ತದೆ. ಮನೆಯಲ್ಲೇ ನಿಧಾನವಾಗಿ ಹತ್ತು ಲೀಡರ್ ಮಾಡಿಟ್ಟರೆ ಅಲ್ಲಾಡುವ ದೋಣಿಯಲ್ಲಿ ಗಂಟು ಕಟ್ಟುವ ಕಷ್ಟವೇ ಇಲ್ಲ. ಅದಕ್ಕೆ ಬೇಕಾದ ಉದ್ದ ಸೂಜಿಗೆ ಆರ್ಡರ್ ಹಾಕಿದ್ದೇನೆ. ಈ ಸಲ ಬೇರೆಯವರ ಹತ್ತಿರ.

ಭಾನುವಾರದ ಮೀನು ಎಪ್ಪತ್ತು ಮೀಟರ್ ಆಳದಲ್ಲಿ ಹಿಡಿಯಿತು. ಕೊನೆಯ ಹದಿನೈದು ನಿಮಿಷ ದೋಣಿಯ ಕೆಳಗೆ ಮೈ ಓರೆ ಮಾಡಿ ಸುತ್ತು ಹೊಡೆಯಿತು, ಟ್ಯೂನಾ ಮಾಡುವ ಹಾಗೆ. ಪ್ರತಿ ಸುತ್ತಿಗೂ ಗಂಟು ರಾಡ್ ತುದಿಯ ಗೈಡ್ ಒಳಗೆ ಬಂದು ಮತ್ತೆ ಹೊರಗೆ ಹೋಗುತ್ತಿತ್ತು. ಎಂಟು ಸಲ ಎಣಿಸಿದೆ. ಯಾರೂ ಮಾತಾಡಲಿಲ್ಲ. ಒಂಬತ್ತನೇ ಸಲ ಬಂದ ಗಂಟು ರೀಲ್ ಮೇಲೆ ಕೂತಿತು, ಗೆಳೆಯ ಲೀಡರ್ ಹಿಡಿದ. ಗಾಳ ಬಿಚ್ಚಿ, ಮೀನನ್ನು ತಲೆ ಕೆಳಗೆ ಮಾಡಿ ನೀರಿಗೆ ನುಗ್ಗಿಸಿ ಬಿಟ್ಟೆವು. ಬಾಲ ಒಂದು ಸಲ ಬಡಿದು ಕೆಳಗೆ ಹೋಯಿತು. ಅದರ ಬಾಯಲ್ಲಿ ನಮ್ಮ ದಾರದ ಒಂದು ಎಳೆಯೂ ಇರಲಿಲ್ಲ.

ದಡಕ್ಕೆ ಬಂದ ಮೇಲೆ ಆ ಗಂಟನ್ನು ಕತ್ತರಿಸಿ ತಕ್ಕಡಿಗೆ ಹಾಕಿದೆ. 18.6 ಕೆ.ಜಿ.